ಬರೆಯದ ಸ್ನೇಹದ ಬೆಲೆ: ರೋಮ್ ಮತ್ತು ರೋಡ್ಸ್, ಕ್ರಿ.ಪೂ. 201–164

ರೋಮನ್ನರು ಸಮುದ್ರದಾಚೆಗೆ ತಮ್ಮ ಅಧಿಕಾರವನ್ನು ಹೇಗೆ ಬೆಳೆಸಿದರು ಎಂದು ಕೇಳಿದರೆ ಮೊದಲು ನೆನಪಾಗುವುದು ಕಾರ್ಥೇಜ್: ಮೂರು ಯುದ್ಧಗಳು, ಹ್ಯಾನಿಬಾಲನ ಆನೆಗಳು, ಕೊನೆಗೆ ಸುಟ್ಟು ನೆಲಸಮವಾದ ನಗರ. ಆ ಕಥೆ ಸುಳ್ಳಲ್ಲ, ಆದರೆ ಅದರಲ್ಲಿ ರೋಮ್ ನಡೆಸಿದ ಕೆಲಸದ ಅರ್ಧ ಮಾತ್ರ ಕಾಣುತ್ತದೆ. ಇನ್ನರ್ಧ ಕಾಣಬೇಕಾದರೆ, ಮೂವತ್ತು ವರ್ಷ ರೋಮಿಗೆ ಹೆಗಲೆಣೆಯಾಗಿ ನಿಂತಿದ್ದು, ಕೊನೆಗೆ ಒಂದು ಬಾಣವೂ ಹಾರದೆ ಮಂಡಿಯೂರಿದ ಮಿತ್ರರಾಜ್ಯವೊಂದನ್ನು ನೋಡಬೇಕು. ಏಜಿಯನ್ ಸಮುದ್ರದ ಆಗ್ನೇಯ ಮೂಲೆಯಲ್ಲಿರುವ ರೋಡ್ಸ್ ದ್ವೀಪದ ಪ್ರಕರಣವನ್ನು ಇಲ್ಲಿ ಆರಿಸಿಕೊಂಡಿರುವುದು ಆ ಕಾರಣಕ್ಕಾಗಿ.

ರೋಮಿನ ಅಧಿಕಾರಿಗಳನ್ನೂ ಅರಸರನ್ನೂ ಹೆಸರಿಸಿ ಹೇಳುತ್ತೇನೆ. ರೋಡ್ಸ್‌ನ ಒಳರಾಜಕೀಯದಲ್ಲಿ ಸಿಕ್ಕಿಕೊಂಡವರನ್ನು ಮಾತ್ರ ಹೆಸರಿಲ್ಲದೆ, ಅವರ ಸ್ಥಾನದಿಂದಲೇ ಗುರುತಿಸಿದ್ದೇನೆ. ಅವರಲ್ಲಿ ಯಾರು ಜಾಣರು, ಯಾರು ಮೂರ್ಖರು ಎಂಬ ಚರ್ಚೆ ಆಗಲೇ ಬೇಕಾದಷ್ಟು ನಡೆದಿದೆ. ಅವರ ಮುಂದಿದ್ದ ಆಯ್ಕೆಗಳು ಯಾವುವು ಎಂಬುದು ನನಗೆ ಹೆಚ್ಚು ಮುಖ್ಯ. ವಿವರಗಳ ಬಹುಪಾಲು ಬರುವುದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್‌ನಿಂದ. ಈತನೂ ಅದೇ ಬಿರುಗಾಳಿಗೆ ಸಿಕ್ಕಿ, ಕ್ರಿ.ಪೂ. 167ರಲ್ಲಿ ಇಟಲಿಗೆ ಸಾಗಿಸಲಾದ ಸಾವಿರ ಮಂದಿ ಅಕೇಯನ್ನರಲ್ಲಿ (ದಕ್ಷಿಣ ಗ್ರೀಸಿನ ಒಕ್ಕೂಟವೊಂದರವರಲ್ಲಿ) ಒಬ್ಬನಾಗಿ ಹದಿನೇಳು ವರ್ಷ ಅಲ್ಲೇ ಉಳಿದವನು ಎಂಬುದನ್ನು ಮರೆಯದೆ ಅವನ ಮಾತನ್ನು ತೂಗಬೇಕಾಗುತ್ತದೆ.

ಹಿನ್ನೆಲೆ

ರೋಡ್ಸ್ ಒಂದು ವ್ಯಾಪಾರಿ ಗಣರಾಜ್ಯ. ಈಜಿಪ್ಟಿನ ಧಾನ್ಯ, ಸಿರಿಯಾದ ಸರಕು, ಕಪ್ಪು ಸಮುದ್ರದ ಕಡೆಯ ಹಡಗುಗಳು ಹಾದುಹೋಗುವ ದಾರಿಯಲ್ಲಿದ್ದ ಅದರ ಬಂದರಿನ ಸುಂಕವೇ ಬೊಕ್ಕಸದ ಬೆನ್ನೆಲುಬಾಗಿತ್ತು. ಆ ಹಣದಿಂದ ಸಾಕಿದ ನೌಕಾಪಡೆ ಕಡಲ್ಗಳ್ಳರನ್ನು ಹದ್ದುಬಸ್ತಿನಲ್ಲಿಡುತ್ತಿತ್ತು, ಕಡಲು ಸುರಕ್ಷಿತವಾಗಿದ್ದಷ್ಟು ಸುಂಕವೂ ಬೆಳೆಯುತ್ತಿತ್ತು. ಕ್ರಿ.ಪೂ. 305ರಲ್ಲಿ ಅಲೆಕ್ಸಾಂಡರನ ಸೇನಾಪತಿ ಅಂಟಿಗೊನಸ್‌ನ ಮಗ ಡಿಮಿಟ್ರಿಯಸ್ ಹಾಕಿದ ಮುತ್ತಿಗೆಯನ್ನು ಒಂದು ವರ್ಷ ತಾಳಿಕೊಂಡು ಗೆದ್ದ ನಗರವಿದು. ಆ ಗೆಲುವಿನ ನೆನಪಿಗೆ ನಿಂತದ್ದೇ ಪ್ರಸಿದ್ಧವಾದ ಸೂರ್ಯದೇವನ ಬೃಹತ್ ಪ್ರತಿಮೆ.

ಮ್ಯಾಸಿಡೋನಿಯಾ, ಸಿರಿಯಾ, ಈಜಿಪ್ಟ್ ಎಂಬ ಮೂರು ದೊಡ್ಡ ಅರಸೊತ್ತಿಗೆಗಳ ನಡುವೆ ಬದುಕುವಾಗ ರೋಡ್ಸ್ ಅನುಸರಿಸಿದ ನಿಯಮ ಸರಳವಾಗಿತ್ತು: ಎಲ್ಲರೊಂದಿಗೂ ಸ್ನೇಹ, ಯಾರೊಂದಿಗೂ ಆಣೆ ಪ್ರಮಾಣಗಳ ಕಟ್ಟು ಬೇಡ. ತಮ್ಮ ನೆರವು ಸಿಗಬಹುದೆಂಬ ಆಸೆಯನ್ನು ಯಾವ ಅರಸನೂ ಬಿಡಬಾರದು, ಹಾಗಿದ್ದರೆ ಮಾತ್ರ ಎಲ್ಲರಿಂದಲೂ ಲಾಭ ಎಂಬುದು ಅವರ ಲೆಕ್ಕಾಚಾರವೆಂದು ಪಾಲಿಬಿಯಸ್ ಬರೆಯುತ್ತಾನೆ. ರೋಮಿನೊಂದಿಗೂ ಅವರು ಸುಮಾರು 140 ವರ್ಷ ಹೀಗೆಯೇ ಒಪ್ಪಂದವಿಲ್ಲದ ಒಡನಾಟ ಇಟ್ಟುಕೊಂಡಿದ್ದರಂತೆ. ಈ ಅಂಕಿಯನ್ನು ಅನುಮಾನಿಸುವ ವಿದ್ವಾಂಸರಿದ್ದಾರೆ, ಆದರೆ ಒಪ್ಪಂದ ಇರಲಿಲ್ಲವೆಂಬುದು ನಿಜ.

ರೋಮಿನ ಕಡೆಯೂ ಇಂಥದೇ ಒಂದು ಪದವಿತ್ತು, ‘ಅಮಿಕಿಟಿಯ’, ಅಂದರೆ ಸ್ನೇಹ. ನಮ್ಮ ಚರಿತ್ರೆಯಲ್ಲಿ ಬರುವ ಸಾಮಂತನಿಗೆ ತಾನು ಎಷ್ಟು ಕಪ್ಪ ಒಪ್ಪಿಸಬೇಕು, ಯಾವಾಗ ದಂಡು ಕಳಿಸಬೇಕು ಎಂಬುದು ಗೊತ್ತಿರುತ್ತಿತ್ತು. ರೋಮಿನ ‘ಸ್ನೇಹಿತ’ನಿಗೆ ಅಂಥ ಖಚಿತ ಪಟ್ಟಿ ಇರಲಿಲ್ಲ, ಕಪ್ಪವಿಲ್ಲ, ಕಾವಲು ಪಡೆ ಇಲ್ಲ, ಕೇವಲ ಸದ್ಭಾವನೆಯ ನಿರೀಕ್ಷೆ. ಆ ನಿರೀಕ್ಷೆ ಎಷ್ಟು ಎಂದು ಅಳೆಯುವ ಕೋಲು ಮಾತ್ರ ಯಾವಾಗಲೂ ರೋಮಿನ ಹಿರಿಯರ ಸಭೆಯಾದ ಸೆನೆಟಿನ ಕೈಯಲ್ಲಿತ್ತು.

ಕ್ರಿ.ಪೂ. 201ರಲ್ಲಿ, ಮ್ಯಾಸಿಡೋನಿಯಾದ ಐದನೆಯ ಫಿಲಿಪ್ ಏಜಿಯನ್ ತೀರದಲ್ಲಿ ಊರೂರು ಕಬಳಿಸತೊಡಗಿದಾಗ, ರೋಡ್ಸ್ ಮತ್ತು ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಪೆರ್ಗಮಮ್ ಅರಸೊತ್ತಿಗೆ ಒಟ್ಟಾಗಿ ರೋಮಿಗೆ ನಿಯೋಗ ಕಳಿಸಿದವು. ಹ್ಯಾನಿಬಾಲನೊಂದಿಗಿನ ಯುದ್ಧ ಆಗಷ್ಟೇ ಮುಗಿದು ದಣಿದಿದ್ದ ರೋಮಿನ ಜನಸಭೆ ಹೊಸ ಯುದ್ಧದ ಪ್ರಸ್ತಾಪವನ್ನು ಮೊದಲ ಸಲ ತಿರಸ್ಕರಿಸಿತು, ಎರಡನೆಯ ಸಲ ಒಪ್ಪಿತು. ಕ್ರಿ.ಪೂ. 197ರಲ್ಲಿ ಸೈನೋಸೆಫಲೆಯಲ್ಲಿ ಫಿಲಿಪ್ ಸೋತ. ಮರುವರ್ಷ ಕೊರಿಂತ್ ಬಳಿಯ ಇಸ್ತ್ಮಿಯನ್ ಕ್ರೀಡೋತ್ಸವದಲ್ಲಿ ರೋಮಿನ ಸೇನಾಪತಿ ಫ್ಲಾಮಿನಿನಸ್ ‘ಗ್ರೀಕರು ಸ್ವತಂತ್ರರು’ ಎಂದು ಸಾರಿಸಿದಾಗ ಎದ್ದ ಕೂಗಿಗೆ ಆಕಾಶದಲ್ಲಿ ಹಾರುತ್ತಿದ್ದ ಕಾಗೆಗಳು ಕೆಳಗೆ ಬಿದ್ದವೆಂದು ಪ್ಲೂಟಾರ್ಕ್ ಹೇಳುತ್ತಾನೆ. ಕ್ರಿ.ಪೂ. 194ರ ಹೊತ್ತಿಗೆ ರೋಮಿನ ದಂಡು ಗ್ರೀಸಿನಿಂದ ಪೂರ್ತಿಯಾಗಿ ಹಿಂದಿರುಗಿತ್ತು. ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡು ಋಣವನ್ನು ಅಲ್ಲಿಯೇ ಉಳಿಸಿ ಬರುವ ಈ ವಿಧಾನ ಮುಂದಿನ ಅರ್ಧ ಶತಮಾನದ ರೋಮನ್ ನಡೆಗೆ ಕೀಲಿಕೈ.

ಸಿರಿಯಾದ ಮೂರನೆಯ ಅಂಟಿಯೋಕಸ್‌ನೊಂದಿಗೆ ನಡೆದ ಯುದ್ಧದಲ್ಲಿ ರೋಡ್ಸ್‌ನ ಹಡಗುಗಳು ಕ್ರಿ.ಪೂ. 190ರಲ್ಲಿ ಸೈಡ್ ಬಳಿ, ಆಗ ಅಂಟಿಯೋಕಸ್‌ನ ಆಶ್ರಯದಲ್ಲಿದ್ದ ಹ್ಯಾನಿಬಾಲನ ನೌಕಾಪಡೆಯನ್ನೇ ಸೋಲಿಸಿದವು. ಇದಕ್ಕೆ ಪ್ರತಿಫಲವಾಗಿ ಕ್ರಿ.ಪೂ. 188ರ ಅಪಾಮಿಯ ಒಪ್ಪಂದದ ಏರ್ಪಾಟಿನಲ್ಲಿ ಏಷ್ಯಾ ಮೈನರಿನ ಲಿಸಿಯಾ ಮತ್ತು ಮಿಯಾಂಡರ್ ನದಿಯ ದಕ್ಷಿಣದ ಕೇರಿಯಾ ರೋಡ್ಸ್‌ನ ಪಾಲಾದವು. ಉಳಿದ ಬಹುಭಾಗ ಪೆರ್ಗಮಮ್‌ನ ಎರಡನೆಯ ಯೂಮೆನೆಸ್‌ಗೆ ಹೋಯಿತು. ರೋಮ್ ತನಗಾಗಿ ಒಂದು ಅಂಗುಲ ನೆಲವನ್ನೂ ಇಟ್ಟುಕೊಳ್ಳಲಿಲ್ಲ. ಅಂಟಿಯೋಕಸ್‌ನಿಂದ ಯುದ್ಧದ ಖರ್ಚು ಮಾತ್ರ ವಸೂಲಿ ಮಾಡಿತು, ಅದೂ ಒಟ್ಟು 15,000 ಟ್ಯಾಲೆಂಟ್ ಬೆಳ್ಳಿ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ.

ಸಮಸ್ಯೆ ಎಲ್ಲಿ ಹುಟ್ಟಿತು

ರೋಡ್ಸ್‌ನವರು ಗಮನಿಸದೆ ಹೋದ, ಅಥವಾ ಗಮನಿಸಿಯೂ ಏನೂ ಮಾಡಲಾಗದ ಸಂಗತಿಯೊಂದಿತ್ತು. ಎಲ್ಲರೊಂದಿಗೂ ಸ್ನೇಹ ಎಂಬ ನೀತಿ ನಡೆಯಬೇಕಾದರೆ ಹಲವು ದೊಡ್ಡವರು ಇರಬೇಕು. ಫಿಲಿಪ್‌ನನ್ನೂ ಅಂಟಿಯೋಕಸ್‌ನನ್ನೂ ಬಗ್ಗಿಸಲು ರೋಮಿಗೆ ನೆರವಾಗುತ್ತ, ತಮ್ಮ ನೀತಿ ನಿಂತಿದ್ದ ಕಂಬಗಳನ್ನು ಅವರು ತಾವೇ ಒಂದೊಂದಾಗಿ ಕೀಳುತ್ತಿದ್ದರು.

ಮೊದಲ ಎಚ್ಚರಿಕೆ ಕ್ರಿ.ಪೂ. 177ರಲ್ಲಿ ಬಂತು. ರೋಡ್ಸ್‌ನ ಆಳ್ವಿಕೆಯ ವಿರುದ್ಧ ದಂಗೆಯೆದ್ದಿದ್ದ ಲಿಸಿಯನ್ನರು ರೋಮಿಗೆ ದೂರು ಒಯ್ದರು. ಸೆನೆಟ್ ಹಳೆಯ ಕಡತಗಳನ್ನು ತೆಗೆಸಿ ನೋಡಿ, ಲಿಸಿಯಾವನ್ನು ರೋಡ್ಸ್‌ಗೆ ಕೊಡುಗೆಯಾಗಿ ಕೊಟ್ಟಿರಲಿಲ್ಲ, ಮಿತ್ರರನ್ನಾಗಿ ಒಪ್ಪಿಸಲಾಗಿತ್ತು ಎಂದು ತೀರ್ಪಿತ್ತಿತು. ಕೊಟ್ಟು ಹನ್ನೊಂದು ವರ್ಷವಾದ ಮೇಲೆ ಕೊಟ್ಟದ್ದರ ಅರ್ಥವೇ ಬದಲಾಯಿತು! ಅದಕ್ಕೆ ಸ್ವಲ್ಪ ಮೊದಲು ರೋಡ್ಸ್‌ನ ನೌಕಾಪಡೆ ಮ್ಯಾಸಿಡೋನಿಯಾದ ಹೊಸ ಅರಸ ಪರ್ಸಿಯಸ್‌ನ ಮದುವೆಗೆ ಸಿರಿಯಾದ ರಾಜಕುಮಾರಿಯನ್ನು ಮೆರವಣಿಗೆಯಲ್ಲಿ ತಲುಪಿಸಿತ್ತು. ಪರ್ಸಿಯಸ್ ಹಡಗುಕಟ್ಟುವ ಮರವನ್ನು ಹೇರಳವಾಗಿ ಉಡುಗೊರೆ ಕೊಟ್ಟಿದ್ದ. ಆ ಸಂಗತಿ ಕಿವಿಗೆ ಬಿದ್ದದ್ದರಿಂದಲೇ ಸೆನೆಟ್ ಲಿಸಿಯನ್ನರನ್ನು ಎತ್ತಿಕಟ್ಟಿ ರೋಡ್ಸ್‌ನ ಬೊಕ್ಕಸ ಬರಿದಾಗಿಸಲು ನೋಡಿತೆಂದು ಆಗಲೇ ಜನ ಆಡಿಕೊಳ್ಳುತ್ತಿದ್ದರು.

ಕ್ರಿ.ಪೂ. 171ರಲ್ಲಿ ರೋಮ್ ಮತ್ತು ಪರ್ಸಿಯಸ್ ನಡುವೆ ಯುದ್ಧ ಶುರುವಾಯಿತು. ಆರಂಭದಲ್ಲೇ ಕ್ಯಾಲಿನಿಕಸ್ ಬಳಿಯ ಅಶ್ವದಳದ ಕಾಳಗದಲ್ಲಿ ರೋಮ್ ಸೋತಿತು. ಬಳಿಕ ವರ್ಷದಿಂದ ವರ್ಷಕ್ಕೆ ಯುದ್ಧ ಎಳೆಯಿತು. ರೋಡ್ಸ್ 40 ಹಡಗುಗಳನ್ನು ಸಜ್ಜುಗೊಳಿಸಿ ಇಟ್ಟಿತ್ತು, ರೋಮ್ ಕೇಳಿದ್ದು ಕೆಲವನ್ನು ಮಾತ್ರ. ನಗರದ ಸಭೆಯಲ್ಲಿ ರೋಮಿನ ಪಕ್ಷ, ಪರ್ಸಿಯಸ್‌ನ ಪಕ್ಷ ಎಂದು ಎರಡು ಬಣಗಳಾದವು. ನಡುವೆ ಇದ್ದ ಬಹುಸಂಖ್ಯಾತರಿಗೆ ಬೇಕಾಗಿದ್ದುದು ಯುದ್ಧ ನಿಲ್ಲುವುದು, ಹಡಗುಗಳು ಮತ್ತೆ ಓಡಾಡುವುದು.

ಮಾಡಿದ ಪ್ರಯತ್ನ

ಕ್ರಿ.ಪೂ. 169ರಲ್ಲಿ ರೋಡ್ಸ್ ಎರಡು ನಿಯೋಗಗಳನ್ನು ಕಳಿಸಿತು. ರೋಮಿಗೆ ಹೋದ ನಿಯೋಗವನ್ನು ಸೆನೆಟ್ ಆದರದಿಂದ ಕಂಡು, ಸಿಸಿಲಿಯಿಂದ ಒಂದು ಲಕ್ಷ ಮೆಡಿಮ್ನಸ್ ಅಳತೆಯ ಧಾನ್ಯ ಸಾಗಿಸಲು ಅನುಮತಿ ಕೊಟ್ಟಿತು. ಮ್ಯಾಸಿಡೋನಿಯಾದಲ್ಲಿದ್ದ ರೋಮಿನ ಶಿಬಿರಕ್ಕೆ ಹೋದ ರಾಯಭಾರಿಯನ್ನು ಅಲ್ಲಿನ ಸೇನೆಯನ್ನು ನಡೆಸುತ್ತಿದ್ದ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಕ್ವಿಂಟಸ್ ಮಾರ್ಕಿಯಸ್ ಫಿಲಿಪ್ಪಸ್ ಪಕ್ಕಕ್ಕೆ ಕರೆದು, ಯುದ್ಧ ನಿಲ್ಲಿಸಲು ರೋಡ್ಸ್‌ನವರು ಯಾಕೆ ಮಧ್ಯಸ್ಥಿಕೆ ವಹಿಸುತ್ತಿಲ್ಲ, ಆ ಕೆಲಸಕ್ಕೆ ನಿಮಗಿಂತ ತಕ್ಕವರು ಯಾರಿದ್ದಾರೆ ಎಂದ.

ಇಡೀ ಪ್ರಕರಣದಲ್ಲಿ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವುದು ಈ ಖಾಸಗಿ ಮಾತು. ಮಾರ್ಕಿಯಸ್ ಯಾವ ಯುದ್ಧದ ಬಗ್ಗೆ ಹೇಳಿದ? ಅದೇ ಹೊತ್ತಿಗೆ ಸಿರಿಯಾದ ನಾಲ್ಕನೆಯ ಅಂಟಿಯೋಕಸ್ ಈಜಿಪ್ಟಿನ ಮೇಲೆ ಏರಿಹೋಗಿದ್ದನಾದ್ದರಿಂದ ಆ ಜಗಳವೇ ಅವನ ಮನಸ್ಸಿನಲ್ಲಿತ್ತು ಎನ್ನುವ ಇತಿಹಾಸಕಾರರಿದ್ದಾರೆ. ಪಾಲಿಬಿಯಸ್ ಮಾತ್ರ ಅದನ್ನು ಪರ್ಸಿಯಸ್‌ನ ಯುದ್ಧವೆಂದೇ ತಿಳಿದಿದ್ದ. ಕಾನ್ಸಲ್ ನಿಜವಾಗಿಯೂ ಯುದ್ಧ ಎಳೆಯುವುದಕ್ಕೆ ಹೆದರಿದ್ದನೋ, ರೋಡ್ಸ್ ಕಾಲುಹಾಕಲೆಂದು ಬಲೆ ಹರಡಿದನೋ ಎಂದು ಅವನು ಚರ್ಚಿಸುತ್ತಾನೆ. ಅವನ ಒಲವು ಬಲೆಯ ಕಡೆಗೆ. ಯುದ್ಧಕ್ಕೆ ಮೊದಲು ಇದೇ ಮಾರ್ಕಿಯಸ್ ಸಂಧಿಯ ಆಸೆ ತೋರಿಸಿ ಪರ್ಸಿಯಸ್‌ನ ಕಾಲ ಕಳೆಸಿದ್ದ, ಇಂಥ ‘ಹೊಸ ಜಾಣತನ’ ನಮ್ಮ ಹಿರಿಯರದಲ್ಲವೆಂದು ಕೆಲವು ವೃದ್ಧ ಸೆನೆಟರರು ಬೇಸರಪಟ್ಟಿದ್ದರು ಎಂಬುದನ್ನು ನೆನೆದರೆ ಅನುಮಾನ ನಿರಾಧಾರವೆನ್ನಲಾಗದು. ಆದರೂ ನನಗೆ ಬಲೆಯ ಊಹೆ ಅಗತ್ಯವೆನಿಸುವುದಿಲ್ಲ. ಬಾಯಿಮಾತಿನ ಸಲಹೆಗೆ ಸಾಕ್ಷಿ ಇರುವುದಿಲ್ಲ. ಅದು ಫಲಿಸಿದರೆ ಶ್ರೇಯಸ್ಸು ರೋಮಿಗೆ, ಕೆಟ್ಟರೆ ತಪ್ಪು ಕೇಳಿಸಿಕೊಂಡವನದು. ಹೇಳಿದವನ ಮನಸ್ಸಿನಲ್ಲಿ ಕಪಟ ಇದ್ದರೂ ಇಲ್ಲದಿದ್ದರೂ ಫಲ ಒಂದೇ.

ರಾಯಭಾರಿ ಊರಿಗೆ ಮರಳಿ ಆ ಮಾತನ್ನು ತಿಳಿಸಿದಾಗ, ರೋಮ್ ದಣಿದಿದೆ ಎಂದು ಪರ್ಸಿಯಸ್‌ನ ಪಕ್ಷದವರು ಭಾವಿಸಿದರು. ಕ್ರಿ.ಪೂ. 168ರಲ್ಲಿ ಪರ್ಸಿಯಸ್ ಇಲಿರಿಯಾದ ಅರಸ ಗೆಂಥಿಯಸ್‌ನನ್ನು ತನ್ನ ಕಡೆಗೆ ಸೆಳೆದುಕೊಂಡ ಸುದ್ದಿ ಬಂದ ಮೇಲಂತೂ ಅವನ ಕೈ ಮೇಲಾಗುತ್ತಿದೆ ಎನಿಸಿತು. (ಗೆಂಥಿಯಸ್‌ಗೆ 300 ಟ್ಯಾಲೆಂಟ್ ಮಾತು ಕೊಟ್ಟು ಹತ್ತನ್ನು ಮಾತ್ರ ಕೊಟ್ಟು ಕೈತೊಳೆದುಕೊಂಡ ಪರ್ಸಿಯಸ್‌ನ ಜಿಪುಣತನ ಅವರಿಗೆ ತಿಳಿದಿದ್ದರೆ ಬೇರೆ ಲೆಕ್ಕ ಹಾಕುತ್ತಿದ್ದರೇನೋ.) ಸಭೆ ಮಧ್ಯಸ್ಥಿಕೆಯ ನಿರ್ಣಯ ಮಾಡಿ ರೋಮಿಗೂ ಯುದ್ಧಭೂಮಿಗೂ ನಿಯೋಗಗಳನ್ನು ಕಳಿಸಿತು.

ಏನಾಯಿತು

ಕ್ರಿ.ಪೂ. 168ರ ಜೂನ್ 22ರಂದು, ಚಂದ್ರಗ್ರಹಣದ ಮರುದಿನ, ಪಿಡ್ನಾದ ಬಯಲಿನಲ್ಲಿ ರೋಮಿನ ಸೇನಾಪತಿ ಎಮಿಲಿಯಸ್ ಪೌಲಸ್ ಕೆಲವೇ ಗಂಟೆಗಳಲ್ಲಿ ಮ್ಯಾಸಿಡೋನಿಯಾದ ಸೈನ್ಯವನ್ನು ಮುರಿದ. ಸೆನೆಟ್ ರೋಡ್ಸ್‌ನ ನಿಯೋಗವನ್ನು ಒಳಕ್ಕೆ ಕರೆದದ್ದು ಆ ಗೆಲುವಿನ ಸುದ್ದಿ ತಲುಪಿದ ಮೇಲೆ.

ಅಲ್ಲಿ ನಿಂತ ರಾಯಭಾರಿಯ ಪಾಡನ್ನು ಊಹಿಸಿಕೊಳ್ಳಿ. ಬಂದ ಉದ್ದೇಶವನ್ನು ಮುಚ್ಚಿಟ್ಟು ಬರೀ ಅಭಿನಂದನೆ ಹೇಳಬಹುದಿತ್ತು, ಆದರೆ ಉದ್ದೇಶ ಎಲ್ಲರಿಗೂ ಗೊತ್ತಿತ್ತು. ಅವನು ಇದ್ದದ್ದನ್ನು ಇದ್ದಂತೆ ಹೇಳಿದ: ಈ ಯುದ್ಧ ಗ್ರೀಕರಿಗೂ ನಿಮಗೂ ಹೊರೆಯಾಗಿತ್ತು, ಅದನ್ನು ನಿಲ್ಲಿಸಲು ಬಂದಿದ್ದೆವು, ಈಗ ತಾನಾಗಿ ಮುಗಿದಿದೆ, ನಿಮ್ಮೊಂದಿಗೆ ಸಂತೋಷಪಡುತ್ತೇವೆ. ಸೆನೆಟಿನ ಉತ್ತರ ಚೂಪಾಗಿತ್ತು. ಗ್ರೀಕರ ಮೇಲಿನ ಕಾಳಜಿ ನಿಜವಾಗಿದ್ದರೆ ಪರ್ಸಿಯಸ್ ಗ್ರೀಸಿನ ಊರುಗಳನ್ನು ಸುಲಿಯುತ್ತಿದ್ದಾಗ ಬರುತ್ತಿದ್ದಿರಿ. ರೋಮಿನ ದಂಡು ಮ್ಯಾಸಿಡೋನಿಯಾದೊಳಕ್ಕೆ ನುಗ್ಗಿ ಅವನು ಸಿಕ್ಕಿಬಿದ್ದ ಮೇಲೆ ಬಂದದ್ದು ಅವನನ್ನು ಉಳಿಸಲೆಂದೇ ಹೊರತು ಬೇರೆಯದಕ್ಕಲ್ಲ.

ಅಷ್ಟರಲ್ಲಿ ಇನ್ನೊಂದು ತಿರುವು. ಈಜಿಪ್ಟಿಗೆ ಹೊರಟಿದ್ದ ರೋಮಿನ ದೂತ ಗಾಯಸ್ ಪೊಪಿಲಿಯಸ್ ಲೇನಸ್‌ನನ್ನು ರೋಡ್ಸ್‌ನವರು ಬೇಡಿ ತಮ್ಮ ನಗರಕ್ಕೆ ಬರಮಾಡಿಕೊಂಡರು. ಅವನ ಗದರಿಕೆ ಕೇಳಿದ ಸಭೆ, ಪರ್ಸಿಯಸ್‌ನ ಪರವಾಗಿ ಮಾತಿನಲ್ಲಾಗಲಿ ಕೃತಿಯಲ್ಲಾಗಲಿ ನಡೆದವರಿಗೆ ಮರಣದಂಡನೆ ಎಂದು ತಾನೇ ನಿರ್ಣಯಿಸಿತು. ಕೆಲವರು ಓಡಿಹೋದರು, ಕೆಲವರು ತಾವೇ ಪ್ರಾಣ ಕಳೆದುಕೊಂಡರು. ಇದೇ ಪೊಪಿಲಿಯಸ್ ಕೆಲವೇ ದಿನಗಳಲ್ಲಿ ಅಲೆಕ್ಸಾಂಡ್ರಿಯದ ಹೊರವಲಯದಲ್ಲಿ ನಾಲ್ಕನೆಯ ಅಂಟಿಯೋಕಸ್‌ನ ಸುತ್ತ ಕೋಲಿನಿಂದ ಮರಳಿನಲ್ಲಿ ವೃತ್ತ ಎಳೆದು, ಅದನ್ನು ದಾಟುವ ಮೊದಲೇ ಉತ್ತರ ಕೊಡು ಎಂದವನು. ಆ ವೃತ್ತ ಎಲ್ಲರಿಗೂ ನೆನಪಿದೆ. ಅದಕ್ಕಿಂತ ಮೊದಲು ರೋಡ್ಸ್‌ನಲ್ಲಿ ಕಾಣದ ವೃತ್ತವೊಂದನ್ನು ಅವನು ಎಳೆದಿದ್ದ ಎಂಬುದನ್ನು ಹೆಚ್ಚು ಜನ ಗಮನಿಸುವುದಿಲ್ಲ.

ಕ್ರಿ.ಪೂ. 167ರಲ್ಲಿ, ಬಿಳಿಯುಡುಗೆಯಲ್ಲಿ ಅಭಿನಂದನೆಗೆಂದು ಬಂದ ರೋಡ್ಸ್‌ನ ಹೊಸ ನಿಯೋಗಕ್ಕೆ ರೋಮಿನಲ್ಲಿ ಅತಿಥಿ ಸತ್ಕಾರವೇ ಸಿಗಲಿಲ್ಲ. ಅವರು ಸೂತಕದ ಉಡುಪು ತೊಟ್ಟು ಮನೆಮನೆ ಅಲೆದು ಮೊರೆಯಿಟ್ಟರು. ಪ್ರೇಟರ್ (ನ್ಯಾಯಾಧಿಕಾರಿ) ಯುವೆಂಟಿಯಸ್ ಥಾಲ್ನ ಸೆನೆಟನ್ನೂ ಕೇಳದೆ ರೋಡ್ಸ್ ಮೇಲೆ ಯುದ್ಧದ ಪ್ರಸ್ತಾಪವನ್ನು ನೇರವಾಗಿ ಜನಸಭೆಯ ಮುಂದಿಟ್ಟ; ಟ್ರಿಬ್ಯೂನ್ (ಜನರ ಪರ ಅಧಿಕಾರಿ) ಮಾರ್ಕಸ್ ಆಂಟೋನಿಯಸ್ ಅವನನ್ನು ಭಾಷಣದ ಕಟ್ಟೆಯಿಂದ ಎಳೆದು ಇಳಿಸಿದ. ಆಮೇಲೆ ಸೆನೆಟಿನಲ್ಲಿ ಎದ್ದು ಮಾತಾಡಿದವನು ವೃದ್ಧ ಸೆನೆಟರ್ ಕೇಟೊ. ಗ್ರೀಕರ ಮೇಲೆ ಅವನಿಗೆ ವಿಶೇಷ ಪ್ರೀತಿ ಇರಲಿಲ್ಲ, ಆದರೂ ಅವನ ವಾದ ಇಂದಿಗೂ ಓದಿಸಿಕೊಳ್ಳುತ್ತದೆ. ನಾವು ಪೂರ್ತಿಯಾಗಿ ಗೆಲ್ಲುವುದು ರೋಡ್ಸ್‌ನವರಿಗೆ ಬೇಡವಾಗಿದ್ದಿರಬಹುದು. ನಾವು ಹೆದರುವವರು ಯಾರೂ ಉಳಿಯದಿದ್ದರೆ ತಾವು ನಮ್ಮೊಬ್ಬರ ಕೈಕೆಳಗೆ ದಾಸರಾಗುತ್ತೇವೆಂದು, ತಮ್ಮ ಸ್ವಾತಂತ್ರ್ಯಕ್ಕಾಗಿ ಅವರು ಹಾಗೆ ಬಯಸಿರಬಹುದು. ಆದರೆ ಅವರು ಪರ್ಸಿಯಸ್‌ಗೆ ಎಂದೂ ಬಹಿರಂಗವಾಗಿ ನೆರವಾಗಲಿಲ್ಲ. ಬರಿಯ ಬಯಕೆಗೆ ಶಿಕ್ಷೆ ಉಂಟೇ? ಅವರು ಸೊಕ್ಕಿನವರಂತೆ, ಇರಲಿ, ನಮಗಿಂತ ಸೊಕ್ಕಿನವರು ಒಬ್ಬರಿದ್ದಾರೆಂದು ನಿಮಗೆ ಸಿಟ್ಟೇ?

ಯುದ್ಧ ತಪ್ಪಿತು, ಶಿಕ್ಷೆ ತಪ್ಪಲಿಲ್ಲ. ಲಿಸಿಯಾ, ಕೇರಿಯಾಗಳನ್ನು ಸೆನೆಟ್ ಸ್ವತಂತ್ರವೆಂದು ಸಾರಿತು. ಬಳಿಕ ಅಪಾಮಿಯ ಏರ್ಪಾಟಿಗೆ ಸಂಬಂಧವೇ ಇಲ್ಲದ ಕಾನಸ್ ಮತ್ತು ಸ್ಟ್ರಾಟೊನಿಸಿಯ ನಗರಗಳನ್ನೂ ತೆರವು ಮಾಡಿಸಿತು. ಕಾನಸ್‌ನ್ನು ರೋಡ್ಸ್ 200 ಟ್ಯಾಲೆಂಟ್ ಕೊಟ್ಟು ಈಜಿಪ್ಟಿನ ಸೇನಾಪತಿಗಳಿಂದ ಕೊಂಡಿತ್ತು, ಎರಡರಿಂದಲೂ ವರ್ಷಕ್ಕೆ 120 ಟ್ಯಾಲೆಂಟ್ ವರಮಾನ ಬರುತ್ತಿತ್ತು. ಇವೆಲ್ಲಕ್ಕಿಂತ ಆಳಕ್ಕೆ ಇಳಿದ ಪೆಟ್ಟು ಕಡಲಿನಲ್ಲಿ ಬಿತ್ತು. ಪುಟ್ಟ ಡೆಲೊಸ್ ದ್ವೀಪವನ್ನು ಅಥೆನ್ಸಿಗೆ ಕೊಟ್ಟು, ಅಲ್ಲಿ ಬಂದರು ಸುಂಕವೇ ಇರಬಾರದೆಂದು ಸೆನೆಟ್ ವಿಧಿಸಿತು. ಸುಂಕವಿಲ್ಲದ ಬಂದರಿಗೆ ವ್ಯಾಪಾರಿಗಳು ತಾವಾಗಿಯೇ ಹೊರಳಿದರು. ರೋಡ್ಸ್‌ನ ಬಂದರು ಸುಂಕದ ಗುತ್ತಿಗೆ ಮೊದಲು 10 ಲಕ್ಷ ದ್ರಾಕ್ಮಕ್ಕೆ (ಗ್ರೀಕ್ ಬೆಳ್ಳಿ ನಾಣ್ಯ) ಹೋಗುತ್ತಿದ್ದದ್ದು ಈಗ ಒಂದೂವರೆ ಲಕ್ಷಕ್ಕೆ ಇಳಿದಿದೆ ಎಂದು ಅವರ ರಾಯಭಾರಿ ಕೆಲವು ವರ್ಷಗಳ ಬಳಿಕ ಸೆನೆಟಿನ ಮುಂದೆ ಲೆಕ್ಕ ಒಪ್ಪಿಸಿದ. ಒಬ್ಬ ಸಿಪಾಯಿಯನ್ನೂ ಕಳಿಸದೆ ಒಂದು ನೌಕಾಶಕ್ತಿಯ ಬೇರಿಗೆ ಬಿಸಿನೀರು ಸುರಿದ ಈ ಕ್ರಮ ರೋಮಿನ ರಾಜತಂತ್ರದ ಅತ್ಯಂತ ಅಗ್ಗದ ಆಯುಧವಾಗಿತ್ತು.

ರೋಡ್ಸ್‌ನ ಮುಂದೆ ಉಳಿದದ್ದು, ಇಷ್ಟು ಕಾಲ ತಪ್ಪಿಸಿಕೊಂಡಿದ್ದ ಲಿಖಿತ ಒಪ್ಪಂದವನ್ನು ತಾನೇ ಬೇಡುವುದು. ಅದನ್ನು ಕೇಳಿದ ರೀತಿಯಲ್ಲೂ ಅವರ ಸಂಕಟ ಕಾಣುತ್ತದೆ. ಸಭೆಯ ನಿರ್ಣಯವಿಲ್ಲದೆಯೇ ಸಂಧಾನ ನಡೆಸುವ ಅಧಿಕಾರ ಕಾನೂನಿನ ಪ್ರಕಾರ ನೌಕಾಧಿಪತಿಗೆ ಇತ್ತು; ಕೇಳಿ ಇಲ್ಲವೆನಿಸಿಕೊಂಡರೆ ಊರಿಗೆ ಅವಮಾನವಾಗಬಾರದೆಂದು ಅವನನ್ನೇ ಚಿನ್ನದ ಕಿರೀಟದೊಂದಿಗೆ ಕಳಿಸಿದರು. ಎಂಬತ್ತು ದಾಟಿದ್ದ ಆ ಹಿರಿಯ ಉತ್ತರ ಸಿಗುವ ಮೊದಲೇ ರೋಮಿನಲ್ಲಿ ತೀರಿಕೊಂಡ. ಏಷ್ಯಾದ ಪ್ರವಾಸದಿಂದ ಮರಳಿದ ರೋಮಿನ ದೂತ ಟೈಬೀರಿಯಸ್ ಗ್ರ್ಯಾಕಸ್, ರೋಡ್ಸ್‌ನವರು ಹೇಳಿದ್ದೆಲ್ಲ ನಡೆಸಿದ್ದಾರೆ, ತಪ್ಪಿತಸ್ಥರನ್ನೆಲ್ಲ ಕೊಂದಿದ್ದಾರೆ ಎಂದು ಸಾಕ್ಷಿ ನುಡಿದ ಮೇಲೆ, ಕ್ರಿ.ಪೂ. 164ರ ಸುಮಾರಿಗೆ ಒಪ್ಪಂದ ದೊರೆಯಿತು. ಅದರ ಬಳಿಕ ರೋಡ್ಸ್‌ನವರು ಅಥೀನಾ ದೇಗುಲದಲ್ಲಿ ‘ರೋಮಿನ ಜನತೆ’ಯ ಮೂವತ್ತು ಮೊಳದ ಪ್ರತಿಮೆ ನಿಲ್ಲಿಸಲು ನಿರ್ಧರಿಸಿದರು.

ಪ್ರಕರಣದಿಂದ ತಿಳಿಯುವುದು

ಯುದ್ಧ ಒಂದು ದಾರಿ, ರಾಜತಂತ್ರ ಇನ್ನೊಂದು ದಾರಿ ಎಂದು ಬೇರ್ಪಡಿಸಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಪಿಡ್ನಾ ಇಲ್ಲದಿದ್ದರೆ ಪೊಪಿಲಿಯಸ್‌ನ ಕೋಲು ಬರಿಯ ಕೋಲಾಗಿರುತ್ತಿತ್ತು. ರೋಡ್ಸ್‌ನ ನಿಯೋಗ ರೋಮಿನ ಮನೆಬಾಗಿಲುಗಳಲ್ಲಿ ಮೊರೆಯಿಡುತ್ತಿದ್ದ ಅದೇ ವರ್ಷ ರೋಮಿನ ದಂಡು ವಾಯವ್ಯ ಗ್ರೀಸಿನ ಎಪಿರಸ್‌ನ 70 ಊರುಗಳನ್ನು ಸೂರೆಮಾಡಿ ಒಂದೂವರೆ ಲಕ್ಷ ಜನರನ್ನು ಗುಲಾಮರನ್ನಾಗಿ ಮಾರಿತು. ಅದು ಎಲ್ಲೆಡೆ ಕಿವಿಗೆ ಬಿದ್ದಿದ್ದರಿಂದಲೇ ಸುಂಕದ ಆದೇಶವೊಂದಕ್ಕೆ ಆ ತೂಕ ಬಂದದ್ದು. ಇನ್ನೊಂದು ಮಿತ್ರರಾಜ್ಯಕ್ಕೆ ಮಾಡಿದ್ದೂ ಇದನ್ನೇ. ಪರ್ಸಿಯಸ್‌ನೊಂದಿಗೆ ಗುಟ್ಟಾಗಿ ಮಾತುಕತೆ ನಡೆಸಿದನೆಂಬ ಅನುಮಾನಕ್ಕೆ ಗುರಿಯಾದ ಯೂಮೆನೆಸ್ ಇಟಲಿಯ ಬ್ರಂಡಿಸಿಯಮ್ ಬಂದರಿಗೆ ಬಂದಿಳಿದಾಗ, ಇನ್ನು ಮುಂದೆ ಅರಸರು ರೋಮಿಗೆ ಬರುವಂತಿಲ್ಲ ಎಂಬ ನಿರ್ಣಯ ತೋರಿಸಿ ಅವನನ್ನು ಅಲ್ಲಿಂದಲೇ ತಿರುಗಿಸಲಾಯಿತು.

ರೋಡ್ಸ್‌ನ ತಪ್ಪು ಯಾವುದು ಎಂಬಲ್ಲಿ ಪಾಲಿಬಿಯಸ್‌ನೊಂದಿಗೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವನು ಪರ್ಸಿಯಸ್‌ನ ಬಣದವರ ಅವಿವೇಕವನ್ನು ದೂರುತ್ತಾನೆ, ಅದು ಇತ್ತು ಕೂಡ. ಆದರೆ ಮಧ್ಯಸ್ಥಿಕೆ ಎಂಬುದು ಗ್ರೀಕ್ ನಗರಗಳ ನಡುವೆ ಅಪರಾಧವಾಗಿರಲಿಲ್ಲ, ದೊಡ್ಡವರ ಜಗಳ ಬಿಡಿಸುವುದು ರೋಡ್ಸ್‌ನ ಹಳೆಯ ಕಸುಬು. ಮೊದಲು ಗುಣವಾಗಿದ್ದದ್ದು ಕ್ರಿ.ಪೂ. 168ರಲ್ಲಿ ದ್ರೋಹವಾದದ್ದು ರೋಡ್ಸ್ ಬದಲಾದದ್ದರಿಂದಲ್ಲ. ತೂಗಲು ಎರಡನೆಯ ತಟ್ಟೆಯೇ ಇಲ್ಲದಂತಾಗಿತ್ತು. ಎಚ್ಚೆತ್ತುಕೊಳ್ಳಬೇಕಾಗಿದ್ದ ಗಳಿಗೆಯನ್ನು ಹುಡುಕುವುದಾದರೆ ನಾನು 168ಕ್ಕಿಂತ ಒಂಬತ್ತು ವರ್ಷ ಹಿಂದೆ ಹೋಗುತ್ತೇನೆ: ಲಿಸಿಯಾದ ತೀರ್ಪು ಬಂದ ದಿನ. ಬರೆಯದ ಸಂಬಂಧಕ್ಕೆ ಇನ್ನು ಒಬ್ಬನೇ ವ್ಯಾಖ್ಯಾನಕಾರ ಎಂಬುದು ಅಂದೇ ಗೊತ್ತಾಗಿತ್ತು. ಪರ್ಸಿಯಸ್ ಇನ್ನೂ ಬಲವಾಗಿದ್ದ, ರೋಮಿಗೆ ರೋಡ್ಸ್‌ನ ಹಡಗುಗಳ ಅಗತ್ಯ ಬರಬಹುದಾಗಿದ್ದ ಆ ದಿನಗಳಲ್ಲಿ ಒಪ್ಪಂದ ಕೇಳಿದ್ದರೆ ಷರತ್ತು ಹಾಕುವಷ್ಟಾದರೂ ಬಾಯಿ ಇರುತ್ತಿತ್ತು.

ರೋಮಿನ ಕಡೆಯ ಲೆಕ್ಕವೂ ಪೂರ್ತಿ ಲಾಭದ್ದಲ್ಲ. ವರಮಾನ ಕುಗ್ಗಿದ ರೋಡ್ಸ್‌ಗೆ ಮೊದಲಿನಂತೆ ಕಡಲು ಕಾಯಲು ಆಗಲಿಲ್ಲ, ಕ್ರಿ.ಪೂ. 155ರ ಸುಮಾರಿಗೆ ಕ್ರೀಟಿನ ಕಡಲ್ಗಳ್ಳರೊಂದಿಗೆ ಅದು ಏದುಸಿರು ಬಿಡುತ್ತ ಕಾದಾಡಿತು. ಇತ್ತ ಡೆಲೊಸ್ ಗುಲಾಮರ ದೊಡ್ಡ ಸಂತೆಯಾಯಿತು. ದಿನವೊಂದಕ್ಕೆ ಹತ್ತಾರು ಸಾವಿರ ಗುಲಾಮರನ್ನು ಇಳಿಸಿಕೊಂಡು ಸಾಗಿಸಬಲ್ಲ ಬಂದರು ಅದು ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಆ ಸಂತೆಗೆ ಮಾಲು ಒದಗಿಸುವ, ಏಷ್ಯಾ ಮೈನರಿನ ದಕ್ಷಿಣ ತೀರದ ಸಿಲಿಸಿಯದ ಕಡಲ್ಗಳ್ಳರು ಬೆಳೆದದ್ದು, ಕಾವಲುಗಾರನಿಲ್ಲದ ಅದೇ ಕಡಲಿನಲ್ಲಿ. ಕ್ರಿ.ಪೂ. 69ರಲ್ಲಿ ಅವರು ಡೆಲೊಸ್‌ನ್ನೇ ಕೊಳ್ಳೆಹೊಡೆದರು. ಎರಡು ವರ್ಷಗಳ ನಂತರ, ರೋಮಿಗೆ ಬರುವ ಧಾನ್ಯದ ಹಡಗುಗಳಿಗೇ ಕುತ್ತು ಬಂದಾಗ, ಹಿಂದೆ ರೋಡ್ಸ್ ತನ್ನ ಸುಂಕದ ಹಣದಿಂದ ನಡೆಸುತ್ತಿದ್ದ ಕೆಲಸಕ್ಕೆ ರೋಮ್ ತನ್ನದೇ ಖರ್ಚಿನಲ್ಲಿ ಸೇನಾಪತಿ ಪಾಂಪೆಯನ್ನು ಇಡೀ ಮೆಡಿಟರೇನಿಯನ್ನಿನ ಅಧಿಕಾರ ಕೊಟ್ಟು ಕಳಿಸಬೇಕಾಯಿತು.